ಕೇಳಿ, ಹೇಳ್ತೀವಿ: ಬಿಸಿಲು ಸೀಮೆಗೆ ಬಂದ ಸೇಬು

ಸೇಬು, ಮರಸೇಬು ಮತ್ತು ಸೇಬಿನ ಹೆಸರು ಹೊತ್ತ ಹಣ್ಣುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದೇ: ಇಲ್ಲಿ ಸೇಬು ಆಗುತ್ತದೆಯೇ? ಅದಕ್ಕೇ ಮೊದಲ ಎರಡು ಉತ್ತರ ಉದ್ದವಾಗಿವೆ.

ಪ್ರಶ್ನೆ (ಕುಷ್ಟಗಿ): ಎರಡು ಎಕರೆ ಮಸಾರಿ ಹೊಲ ಐತ್ರಿ, ಬೋರಿನಾಗ ಎರಡಿಂಚು ನೀರದಾವ. 45 ಡಿಗ್ರಿ ಬಿಸಿಲು ತಡಿಯೋ ಸೇಬು ಅಂತ ಮೊಬೈಲ್‌ನಾಗ ದಿನಾ ಜಾಹೀರಾತು ಬರ್ತಾವ. ಒಂದು ಸಸಿಗೆ ಮುನ್ನೂರು ರೂಪಾಯಿ ಹೇಳ್ತಾರ. ಸಾಲ ಮಾಡಿ ಹಾಕಬಹುದೇನ್ರಿ?

ಉತ್ತರ: ಸಾಲ ಮಾಡಿ ಹಾಕಬ್ಯಾಡ್ರಿ. ಜಾಹೀರಾತು ಪೂರ್ತಿ ಸುಳ್ಳಲ್ಲ, ಅರ್ಧ ಮಾತು ಮಾತ್ರ ಹೇಳುತ್ತಿದೆ. ಸೇಬಿನ ಗಿಡ ಬಿಸಿಲು ತಡೆದುಕೊಂಡೀತು, ಅದಕ್ಕೆ ಕೊರತೆ ಬೀಳುವುದು ಚಳಿ. ಎಲೆ ಉದುರಿಸಿ ನಿದ್ದೆಗೆ ಹೋದ ಮೊಗ್ಗು ಮತ್ತೆ ಒಡೆಯಬೇಕಾದರೆ 7 ಡಿಗ್ರಿಗಿಂತ ಕಡಿಮೆ ಉಷ್ಣಾಂಶ ಇಂತಿಷ್ಟು ಗಂಟೆ ಸಿಗಬೇಕು. ಕಾಶ್ಮೀರ, ಶಿಮ್ಲಾ ಕಡೆಯ ಡೆಲಿಷಿಯಸ್ ತಳಿಗಳಿಗೆ 1000 ಗಂಟೆಗೂ ಮೇಲೆ ಬೇಕು. ಇಸ್ರೇಲಿನಲ್ಲಿ ಅಭಿವೃದ್ಧಿಪಡಿಸಿದ ‘ಅನ್ನಾ’ ತಳಿಗೆ 200ರಿಂದ 300 ಗಂಟೆ ಸಾಕು. ಅದರ ಜೋಡಿಯಾಗಿ ಹಾಕುವ ‘ಡಾರ್ಸೆಟ್ ಗೋಲ್ಡನ್’ ಬಹಾಮಾಸ್ ದ್ವೀಪದ್ದು, ಅದಕ್ಕೂ ಚಳಿ ಕಡಿಮೆ ಸಾಕು. ಮೂರನೆಯದು ‘ಎಚ್‌ಆರ್‌ಎಂಎನ್-99’. ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯ ಪನಿಯಾಲಾ ಗ್ರಾಮದ ರೈತ ಹರಿಮನ್ ಶರ್ಮಾ ಬೆಳೆಸಿದ ತಳಿ ಇದು. ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬಿಲಾಸ್‌ಪುರದಲ್ಲಿ ಬೇಸಿಗೆ 40 ಡಿಗ್ರಿ ದಾಟುವುದು ನಿಜವೇ. ಆದರೆ ಜನವರಿ ರಾತ್ರಿಗಳಲ್ಲಿ ಅಲ್ಲಿ 7 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಕುಷ್ಟಗಿಯಲ್ಲಿ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 15ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಂದರೆ ನಿಮ್ಮ ಹೊಲದಲ್ಲಿ ಆ ಲೆಕ್ಕದ ಗಂಟೆಗಳು ಸೊನ್ನೆ.

ಹಾಗಂತ ಹಣ್ಣೇ ಬಿಡುವುದಿಲ್ಲ ಎಂದಲ್ಲ. ಇಂಡೋನೇಷ್ಯಾದ ಪೂರ್ವ ಜಾವಾದಲ್ಲಿ, ಬಾತು ಎಂಬ ಊರಿನ ಸುತ್ತ, ಚಳಿಗಾಲವೇ ಇಲ್ಲದ ಕಡೆ ಸೇಬು ಬೆಳೆಯುತ್ತಾರೆ, ವರ್ಷಕ್ಕೆ ಎರಡು ಬೆಳೆ ತೆಗೆಯುವವರೂ ಇದ್ದಾರೆ. ಹಣ್ಣು ಕೊಯ್ದ ಮೇಲೆ ಗಿಡ ನಿದ್ದೆಗೆ ಹೋಗುವ ಮೊದಲೇ ಎಲೆಯನ್ನೆಲ್ಲ ಕಿತ್ತು ಹಾಕಿ ಮೊಗ್ಗನ್ನು ಚಿಗುರಿಸುತ್ತಾರೆ. ಆದರೆ ಆ ತೋಟಗಳು ಬೆಟ್ಟದ ಮೇಲಿನವು, ಹಗಲೂ ತಂಪು. ಎಲೆ ಕೀಳುವುದೆಲ್ಲ ಕೈಕೆಲಸ, ಆಳು ಬಹಳ ಹಿಡಿಯುತ್ತದೆ. ಎರಡು ಎಕರೆಗೆ ಅದನ್ನು ಮಾಡಿಸಿ ಲಾಭ ನೋಡುವುದು ಕಷ್ಟ.

ದುಡ್ಡಿನ ಲೆಕ್ಕವನ್ನೂ ಒಮ್ಮೆ ಹಾಕಿ. ಸಾಲಿನಿಂದ ಸಾಲಿಗೆ 12 ಅಡಿ, ಗಿಡದಿಂದ ಗಿಡಕ್ಕೆ 10 ಅಡಿ ಇಟ್ಟರೆ ಎಕರೆಗೆ 363 ಸಸಿ. ಎರಡು ಎಕರೆಗೆ ಬರೀ ಸಸಿಯ ಖರ್ಚೇ ಎರಡು ಲಕ್ಷ ದಾಟುತ್ತದೆ. ಹನಿ ನೀರಾವರಿ, ಬೇಲಿ, ನೆರಳು ಬಲೆ ಬೇರೆ. ಮೊದಲ ಎರಡು ವರ್ಷ ಬಿಟ್ಟ ಕಾಯಿ ಕಿತ್ತು ಹಾಕಬೇಕು, ಇಲ್ಲದಿದ್ದರೆ ಗಿಡ ಬಲಿಯುವುದಿಲ್ಲ. ಮೂರನೇ ವರ್ಷದ ಹಣ್ಣು ಮೇ ತಿಂಗಳಲ್ಲಿ ಬರುತ್ತದೆ. ಆಗ ಕಾಶ್ಮೀರದ ಹೊಸ ಹಣ್ಣು ಮಾರುಕಟ್ಟೆಯಲ್ಲಿ ಇರುವುದಿಲ್ಲ ಎನ್ನುವುದೊಂದೇ ನಿಮಗಿರುವ ಅನುಕೂಲ. ಆದರೆ ಸೇಬಿಗೆ ಕೆಂಪು ಬಣ್ಣ ಬರಲು ರಾತ್ರಿ ತಂಪಿರಬೇಕು. ಮೇ ತಿಂಗಳ ಕುಷ್ಟಗಿಯಲ್ಲಿ ಹಣ್ಣು ಹಳದಿ-ಹಸಿರಾಗಿ, ಒಂದು ಮಗ್ಗುಲು ಮಾತ್ರ ಕೆಂಪಾಗಿ ಉಳಿಯುತ್ತದೆ. ರುಚಿ ಚೆನ್ನಾಗಿದ್ದರೂ ಗಿರಾಕಿ ಬಣ್ಣಕ್ಕೆ ದುಡ್ಡು ಕೊಡುತ್ತಾನೆ. ಬಿಸಿಲಿಗೆ ನೇರ ಬಿದ್ದ ಹಣ್ಣಿನ ಸಿಪ್ಪೆಯ ಶಾಖ 46 ಡಿಗ್ರಿ ಮುಟ್ಟಿದರೆ ಕಂದು ಕಲೆ, 52 ದಾಟಿದರೆ ಆ ಭಾಗ ಸತ್ತು ಕಪ್ಪಾಗುತ್ತದೆ. ಗಾಳಿಯಲ್ಲಿ 40 ಇದ್ದಾಗ ಸಿಪ್ಪೆಯ ಮೇಲೆ ಅಷ್ಟು ಏರುವುದೇನೂ ದೊಡ್ಡ ಮಾತಲ್ಲ.

ಆಸೆ ಇದ್ದೇ ಇದ್ದರೆ ಬೋರಿನ ಹತ್ತಿರ ಹನ್ನೆರಡು ಸಸಿ ಹಾಕಿ ನೋಡಿ: ಅನ್ನಾ ಆರು, ಡಾರ್ಸೆಟ್ ಗೋಲ್ಡನ್ ಮೂರು, ಎಚ್‌ಆರ್‌ಎಂಎನ್ ಮೂರು. ಕೊಳ್ಳುವಾಗ ತಳಿಯ ಹೆಸರಿನ ಜೊತೆ ಬೇರುಗಿಡ, ಅಂದರೆ ಕಸಿಯ ಕೆಳಗಿನ ಬೇರಿನ ಗಿಡ, ಯಾವುದೆಂದು ಕೇಳಿ. ‘ಎಂಎಂ-111’ ಎಂದರೆ ಒಳ್ಳೆಯದು. ಅದು ನೀರಿನ ಕೊರತೆ ತಡೆಯುತ್ತದೆ, ಬೇರಿಗೆ ಹತ್ತುವ ಬಿಳಿ ಉಣ್ಣೆಯಂಥ ಹೇನನ್ನೂ ತಡೆಯುತ್ತದೆ. ‘ಎಂ-9’ ಗಿಡ್ಡ ಜಾತಿ, ಬೇರು ಮೇಲೆಯೇ ಇರುತ್ತದೆ, ಕೋಲಿನ ಆಸರೆ ಬೇಕು, ನಮ್ಮ ಗಾಳಿಗೂ ಬಿಸಿಲಿಗೂ ಆಗದು. ಬೇರುಗಿಡದ ಹೆಸರೇ ಹೇಳಲಾರದ ನರ್ಸರಿಯಿಂದ ಸಸಿ ತರಬೇಡಿ. ಉಳಿದ ಹೊಲಕ್ಕೆ ಏನು ಹಾಕಬಹುದೆಂದು ಕೆಳಗೆ ಸಿಂಧನೂರಿನವರಿಗೆ ಬರೆದ ಉತ್ತರ ನೋಡಿ.

ಪ್ರಶ್ನೆ (ಸಂಡೂರು): ಹಿತ್ತಲಿನಲ್ಲಿ ಮೂರು ವರ್ಷದ ಅನ್ನಾ ಸೇಬಿನ ಗಿಡಗಳು ಎರಡಿವೆ. ಎಂಟಡಿ ಎತ್ತರ ಹೋಗಿವೆ, ಆದರೆ ಎಲೆ ತುದಿಯಲ್ಲಿ ಮಾತ್ರ. ಅಲ್ಲೊಂದು ಇಲ್ಲೊಂದು ಹೂ ಬಿಟ್ಟು ಉದುರಿ ಹೋಗುತ್ತದೆ. ಗೊಬ್ಬರ ಕಡಿಮೆಯಾಗಿದೆಯೇ?

ಉತ್ತರ: ಗೊಬ್ಬರದ ತಪ್ಪಲ್ಲ. ನೀವು ಬರೆದದ್ದು ಚಳಿ ಸಾಲದ ಗಿಡದ ಲಕ್ಷಣ. ಕೊಂಬೆಯ ತುದಿಯ ಮೊಗ್ಗು ಮಾತ್ರ ಒಡೆದು, ಕೆಳಗಿನ ಮೊಗ್ಗುಗಳೆಲ್ಲ ಮಲಗಿರುತ್ತವೆ. ಹೂ ಒಟ್ಟಿಗೆ ಬರದೆ ಎರಡು ತಿಂಗಳುದ್ದಕ್ಕೂ ಚೂರುಚೂರಾಗಿ ಬರುತ್ತದೆ. ಎರಡನೆಯ ತೊಂದರೆ, ಎರಡೂ ಗಿಡ ಅನ್ನಾ. ಸೇಬು ತನ್ನದೇ ತಳಿಯ ಪರಾಗವನ್ನು ಸರಿಯಾಗಿ ಒಪ್ಪುವುದಿಲ್ಲ. ಒಂದೇ ತಳಿಯ ಎರಡು ಗಿಡ ಎಂದರೆ ಪರಾಗದ ಲೆಕ್ಕದಲ್ಲಿ ಒಂದೇ ಗಿಡ. ಬರುವ ಡಿಸೆಂಬರ್‌ನಲ್ಲಿ ಒಂದು ಡಾರ್ಸೆಟ್ ಗೋಲ್ಡನ್ ಸಸಿ ತಂದು 15 ಅಡಿಯೊಳಗೆ ನೆಡಿ. ಜಾಗ ಇಲ್ಲದಿದ್ದರೆ ಅದರ ಕಡ್ಡಿ ತರಿಸಿ, ಇರುವ ಗಿಡದ ಒಂದು ಕೊಂಬೆಗೇ ಕಸಿ ಕಟ್ಟಿಸಿ.

ಹೊಸ ಸಸಿಗೆ ಗುಂಡಿ ಎರಡಡಿ ಉದ್ದ, ಅಗಲ, ಆಳ ಇರಲಿ. ಮೇಲ್ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ ಬೆರೆಸಿ ತುಂಬಿ. ಕಸಿ ಕಟ್ಟಿದ ಗಂಟು ನೆಲದಿಂದ ನಾಲ್ಕು ಬೆರಳಾದರೂ ಮೇಲಿರಬೇಕು. ಗಂಟು ಮಣ್ಣಿನಲ್ಲಿ ಹೂತರೆ ಮೇಲಿನ ತಳಿಯೇ ಬೇರು ಬಿಟ್ಟುಕೊಂಡು ಬೇರುಗಿಡದ ಗುಣವೆಲ್ಲ ವ್ಯರ್ಥ. ಎರೆಮಣ್ಣಿದ್ದರೆ ಗುಂಡಿಯ ಬದಲು ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಎರೆಯಲ್ಲಿ ತೋಡಿದ ಗುಂಡಿ ಮಳೆಗಾಲದಲ್ಲಿ ಬಾನಿಯ ಹಾಗೆ ನೀರು ಹಿಡಿದು ಬುಡ ಕೊಳೆಯುತ್ತದೆ.

ಈಗಿರುವ ಗಿಡಗಳಿಗೆ ಹೀಗೆ ಮಾಡಿ. ನವೆಂಬರ್ ಕೊನೆಯಿಂದ ಮೂರು ವಾರ ನೀರು ನಿಲ್ಲಿಸಿ. ನೆಟ್ಟಗೆ ಮೇಲೇರಿದ ಕೊಂಬೆಗಳನ್ನು ದಾರ ಕಟ್ಟಿ, ನೆಲಕ್ಕೆ ಗೂಟ ಹೊಡೆದು, ಅಡ್ಡಕ್ಕೆ ಬಗ್ಗಿಸಿ. ಅಡ್ಡಕ್ಕಿರುವ ಕೊಂಬೆಯ ಉದ್ದಕ್ಕೂ ಮೊಗ್ಗು ಒಡೆಯುತ್ತದೆ, ನೆಟ್ಟಗಿರುವ ಕೊಂಬೆಯ ರಸವೆಲ್ಲ ತುದಿಗೇ ಓಡುತ್ತದೆ. ಡಿಸೆಂಬರ್ ಮೂರನೇ ವಾರ ಎಲೆಗಳನ್ನೆಲ್ಲ ಕೈಯಿಂದ ಕೀಳಿ. ಎಲೆಯನ್ನು ಕೆಳಕ್ಕೆ ಎಳೆದರೆ ಅದರ ಬುಡದ ಮೊಗ್ಗೂ ಕಿತ್ತು ಬರುತ್ತದೆ. ತೊಟ್ಟನ್ನು ಹಿಡಿದು ಕೊಂಬೆಯ ತುದಿಯ ಕಡೆ ಮೇಲಕ್ಕೆ ಮುರಿಯಿರಿ, ಇಲ್ಲವೇ ಕತ್ತರಿಯಿಂದ ತೊಟ್ಟು ಉಳಿಸಿ ಕತ್ತರಿಸಿ. ಅದೇ ದಿನ ಪ್ರತಿ ಕೊಂಬೆಯ ತುದಿಯ ಒಂದು ಗೇಣು ಕತ್ತರಿಸಿ. ಮರುದಿನ ಗಿಡಕ್ಕೆ ಒಂದು ಬುಟ್ಟಿ ಗೊಬ್ಬರ ಕೊಟ್ಟು, ಬುಡ ತೊಯ್ಯುವಂತೆ ನೀರು ಬಿಡಿ. ಎರಡರಿಂದ ನಾಲ್ಕು ವಾರದಲ್ಲಿ ಮೊಗ್ಗು ಉಬ್ಬಬೇಕು. ದ್ರಾಕ್ಷಿ ಬೆಳೆಗಾರರು ಚಿಗುರಿಸಲು ಬಳಿಯುವ ಹೈಡ್ರೋಜನ್ ಸಯನಮೈಡ್ ಹಚ್ಚಬಹುದೇ ಎಂದು ಕೆಲವರು ಕೇಳುತ್ತಾರೆ. ಹಿತ್ತಲಿನ ಎರಡು ಗಿಡಕ್ಕೆ ಅದು ಬೇಡ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಅದನ್ನು ಬಳಸಿದ ಹಿಂದುಮುಂದಿನ ದಿನಗಳಲ್ಲಿ ಹೆಂಡ ಕುಡಿದವರಿಗೆ ಜೀವಕ್ಕೇ ಅಪಾಯ.

ಹೂ ಬಂದಾಗ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಮೆತ್ತನೆಯ ಕುಂಚದಿಂದ ಡಾರ್ಸೆಟ್ ಹೂವಿನ ಹಳದಿ ಪುಡಿಯನ್ನು ಅನ್ನಾ ಹೂವಿನ ನಡುವಿನ ಎಳೆಗಳ ತುದಿಗೆ ಸವರಿ. ಗೊಂಚಲಿನ ನಡುವಿನ ಹೂ ಮೊದಲು ಅರಳುತ್ತದೆ, ಅದರ ಕಾಯಿಯೇ ದಪ್ಪ. ಕಾಯಿ ಗೋಲಿ ಗಾತ್ರವಾದಾಗ ಗೊಂಚಲಿಗೆ ಒಂದನ್ನು ಉಳಿಸಿ ಉಳಿದದ್ದು ಕೀಳಿ. ಮಾರ್ಚ್‌ನಿಂದ ಪಶ್ಚಿಮದ ಮಗ್ಗುಲಿಗೆ ನೆರಳು ಬಲೆ ಕಟ್ಟಿ, ಕಾಂಡಕ್ಕೆ ಸುಣ್ಣ ಬಳಿಯಿರಿ.

ಪ್ರಶ್ನೆ (ಸಿರುಗುಪ್ಪ): ಅಂಗಡಿಯಿಂದ ತಂದ ಸೇಬಿನ ಬೀಜ ಊರಿದರೆ ಗಿಡ ಆಗುತ್ತದೆಯೇ? ಬೀಜದಲ್ಲಿ ವಿಷ ಇದೆ ಅನ್ನುತ್ತಾರೆ, ಮಗು ನುಂಗಿದರೆ?

ಉತ್ತರ: ಗಿಡ ಆಗುತ್ತದೆ, ನೀವು ತಿಂದ ಸೇಬು ಆಗುವುದಿಲ್ಲ. ಪ್ರತಿ ಬೀಜವೂ ಬೇರೆ ತಂದೆಯ ಮಗು, ಹಣ್ಣು ಹೇಗಿರುತ್ತದೋ ಹೇಳಲಾಗದು. ಮಕ್ಕಳಿಗೆ ತೋರಿಸಲು ಬೇಕಾದರೆ ಬೀಜ ತೊಳೆದು, ಒದ್ದೆ ಮರಳಿನ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳತಟ್ಟೆಯಲ್ಲಿ ಎರಡರಿಂದ ಮೂರು ತಿಂಗಳು ಇಡಿ. ಆಮೇಲೆ ಮೊಳಕೆ ಬರುತ್ತದೆ.

ಬೀಜದಲ್ಲಿ ಅಮಿಗ್ಡಲಿನ್ ಎಂಬ ವಸ್ತುವಿದೆ. ಬೀಜ ನುಣ್ಣಗೆ ಜಜ್ಜಿದಾಗ ಅದರಿಂದ ಸಯನೈಡ್ ಹೊರಡುತ್ತದೆ. ಮಗು ನುಂಗಿದ ಒಂದೆರಡು ಇಡೀ ಬೀಜ ಹಾಗೇ ಹೊರಗೆ ಹೋಗುತ್ತದೆ, ಹೆದರಬೇಡಿ. ಮಿಕ್ಸಿಯಲ್ಲಿ ಜ್ಯೂಸ್ ಮಾಡುವಾಗ ಮಾತ್ರ ನಡುವಿನ ಬೀಜದ ಗೂಡು ತೆಗೆದೇ ಹಾಕಿ.

ಪ್ರಶ್ನೆ (ಸಿಂಧನೂರು): ಕಾಲುವೆ ಕೊನೆಯ ಹೊಲ, ಸವುಳು ಎದ್ದು ಭತ್ತ ಸರಿಯಾಗಿ ಬರವಲ್ದು. ಆ್ಯಪಲ್ ಬಾರಿ ಹಾಕು ಅಂತಾರ. ಈಗಾಗಲೇ ಬದುವಿನ ಮ್ಯಾಲೆ ಹತ್ತು ಗಿಡ ಅದಾವ, ಆದ್ರ ಹಣ್ಣು ಒಡೆದ್ರ ಬರೇ ಹುಳ. ಮೋಹಕ ಬಲೆ ಕಟ್ಟಿದ್ರೂ ಕಡಿಮಿ ಆಗಿಲ್ಲ.

ಉತ್ತರ: ಬಾರಿ ಒಳ್ಳೆಯ ಆಯ್ಕೆ. ಹೆಸರಿನಲ್ಲಿ ಸೇಬಿದ್ದರೂ ಇದು ನಮ್ಮ ಬೋರೆಹಣ್ಣೇ, ದಪ್ಪ ಕಾಯಿಯ ತಳಿ ಅಷ್ಟೆ. ಸೇಬಿಗೆ ಶತ್ರುವಾದದ್ದೆಲ್ಲ ಇದಕ್ಕೆ ಅನುಕೂಲ. ಬೇಸಿಗೆಯ ಬಿಸಿಲಲ್ಲಿ ಎಲೆ ಉದುರಿಸಿ ಮಲಗುತ್ತದೆ, ಮಳೆಗೆ ಚಿಗುರುತ್ತದೆ, ಚಳಿಗಾಲದಲ್ಲಿ ಹಣ್ಣು ಕೊಡುತ್ತದೆ. ಉಪ್ಪನ್ನೂ ಸಾಕಷ್ಟು ತಡೆಯುತ್ತದೆ. ಆದರೆ ಒಂದು ಮಾತು: ಬಾರಿ ಸವುಳು ತಡೆದೀತು, ಜವುಳು ತಡೆಯದು. ಬುಡದಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಎಳೆ ಗಿಡ ಸಾಯುತ್ತದೆ. ಮೊದಲು ಬಸಿಗಾಲುವೆ ತೆಗೆಯಿರಿ. ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಮ್ ಸುರಿಯಬೇಡಿ, ಅದು ಕ್ಷಾರದ ಮಣ್ಣಿಗೆ ಮದ್ದು. ಬರೀ ಉಪ್ಪಿನ ಮಣ್ಣಿಗೆ ನೀರು ಹಾಯಿಸಿ ಬಸಿಯುವುದೇ ದಾರಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಮಣ್ಣಿನ ಮೇಲೆಯೇ ಕೆಲಸ ನಡೆಯುತ್ತದೆ, ನಿಮಗೆ ದೂರವೂ ಅಲ್ಲ.

ಹುಳದ ವಿಷಯ. ಹಣ್ಣು ಒಡೆದು ಹುಳ ನೋಡಿ. ಕಾಲಿಲ್ಲದ, ಬೆಳ್ಳಗಿನ, ಒಂದು ಕಡೆ ಚೂಪಾದ ಹುಳವಾದರೆ ಹಣ್ಣಿನ ನೊಣದ್ದು. ಕಾಲಿದ್ದು ಮೈಗೆ ಕೆಂಪು ಛಾಯೆ ಇದ್ದರೆ ಕಾಯಿ ಕೊರೆಯುವ ಪತಂಗದ್ದು. ನಿಮ್ಮದು ನೊಣವೇ ಇರಬೇಕು. ಬಲೆ ಕೆಲಸ ಮಾಡದ್ದಕ್ಕೆ ಕಾರಣ ಇದೆ. ಅಂಗಡಿಯಲ್ಲಿ ಸಿಗುವ ಮೀಥೈಲ್ ಯುಜಿನಾಲ್ ಬಲೆ ಮಾವು, ಪೇರಲದ ನೊಣಕ್ಕೆ ಮಾಡಿದ್ದು. ಬಾರಿಯ ನೊಣ ಬೇರೆ ಜಾತಿ, ಆ ವಾಸನೆಗೆ ಅದು ಬರುವುದಿಲ್ಲ. ಬಲೆಯಲ್ಲಿ ನೊಣ ಬಿದ್ದದ್ದು ನೋಡಿ ಸಮಾಧಾನ ಪಟ್ಟುಕೊಂಡರೆ ಅವು ಪಕ್ಕದ ಪೇರಲ ಗಿಡದವು.

ಈ ನೊಣ ಕಾಯಿ ಎಳೆಯದಾಗಿರುವಾಗ, ಬಟಾಣಿ ಗಾತ್ರದಲ್ಲೇ, ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತದೆ. ಹುಳ ತಿಂದು ಬಲಿತು ನೆಲಕ್ಕೆ ಬಿದ್ದು, ಮಣ್ಣಿನೊಳಗೆ ಕೋಶವಾಗಿ ಮುಂದಿನ ಹಂಗಾಮಿಗೆ ಕಾಯುತ್ತದೆ. ಹಾಗಾಗಿ ಔಷಧಿ ಹೊಡೆಯುವುದಕ್ಕಿಂತ ನೆಲದ ಕೆಲಸ ಮುಖ್ಯ. ಹಣ್ಣಿನ ಕಾಲದಲ್ಲಿ ಉದುರಿದ ಕಾಯಿಯನ್ನು ಎರಡು ದಿನಕ್ಕೊಮ್ಮೆ ಆರಿಸಿ, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಿಗೆ ಹಾಕಿ, ಇಲ್ಲವೇ ಎರಡಡಿ ಆಳಕ್ಕೆ ಹೂಳಿ. ತಿಪ್ಪೆಗೆ ಎಸೆಯಬೇಡಿ, ಅಲ್ಲೇ ನೊಣ ಎದ್ದು ಬರುತ್ತದೆ. ಮೇ ತಿಂಗಳಲ್ಲಿ ಕೊಂಬೆ ಸವರಿದ ಮೇಲೆ ಗಿಡದ ಕೆಳಗಿನ ಮಣ್ಣನ್ನು ಒಂದು ಗೇಣು ಆಳಕ್ಕೆ ಅಗೆದು ಮಗುಚಿ, ಕೋಶಗಳು ಬಿಸಿಲಿಗೂ ಹಕ್ಕಿಗೂ ಸಿಗಲಿ. ಬದುವಿನ ಮೇಲಿನ ಕಾಡುಬಾರಿ ಪೊದೆಗಳು ನೊಣಕ್ಕೆ ತವರುಮನೆ, ಅವನ್ನು ಬಿಟ್ಟು ತೋಟಕ್ಕೆ ಮಾತ್ರ ಮದ್ದು ಹೊಡೆದರೆ ಪ್ರಯೋಜನ ಇಲ್ಲ. ಆಮೇಲೆ ಬಟಾಣಿ ಗಾತ್ರದಲ್ಲಿ ಒಮ್ಮೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ, ಬಾರಿಗೆ ಶಿಫಾರಸು ಇರುವ ಕೀಟನಾಶಕವನ್ನು ತೋಟಗಾರಿಕೆ ಇಲಾಖೆಯವರನ್ನು ಕೇಳಿ ಸಿಂಪಡಿಸಿ. ಹೂ ಇರುವಾಗ ಮಾತ್ರ ಬೇಡ, ಜೇನು ಸಾಯುತ್ತದೆ.

ಸವರುವಿಕೆ ಅಂದರೆ ತುದಿ ಕತ್ತರಿಸುವುದಲ್ಲ. ಏಪ್ರಿಲ್ ಕೊನೆ ಅಥವಾ ಮೇನಲ್ಲಿ, ನೆಲದಿಂದ ಎರಡೂವರೆ ಅಡಿಗೆ ಕಾಂಡ ಬಿಟ್ಟು ಮೇಲಿನದನ್ನೆಲ್ಲ ತೆಗೆಯಬೇಕು. ಬಾರಿ ಕಾಯಿ ಬಿಡುವುದು ಆ ವರ್ಷದ ಹೊಸ ಚಿಗುರಿನಲ್ಲಿ ಮಾತ್ರ. ಕತ್ತರಿಸಿದ ಬಾಯಿಗೆ ಬೋರ್ಡೋ ಮುಲಾಮು ಹಚ್ಚಿ: ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ಹತ್ತು ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಕಬ್ಬಿಣದ ಪಾತ್ರೆಯಲ್ಲಿ ತಾಮ್ರ ಕೆಡುತ್ತದೆ. ಕಸಿ ಗಂಟಿನ ಕೆಳಗೆ ಬರುವ ಚಿಗುರು ಕಾಡುಬಾರಿಯದು. ಅದನ್ನು ಬಿಟ್ಟರೆ ಎರಡೇ ವರ್ಷದಲ್ಲಿ ಮೇಲಿನ ತಳಿಯನ್ನು ನುಂಗಿ, ಗಿಡ ಪೂರ್ತಿ ಮುಳ್ಳುಬಾರಿ ಆಗುತ್ತದೆ. ಹೂ ಹಂತದಲ್ಲಿ ಎಲೆ, ಕಾಯಿಗೆ ಬಿಳಿ ಬೂದಿ ಹಿಡಿದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2ರಿಂದ 3 ಗ್ರಾಂ, ಸಂಜೆ ಹೊತ್ತು. ಮಧ್ಯಾಹ್ನದ ಬಿಸಿಲಿಗೆ ಹೊಡೆದರೆ ಎಲೆ ಸುಡುತ್ತದೆ.

ಪ್ರಶ್ನೆ (ಗಂಗಾವತಿ): ಆನೆಗೊಂದಿಯ ಅಂಜನಾದ್ರಿಯಲ್ಲಿ ಮಾರುವ ಚಿತ್ರಗಳಲ್ಲಿ ಬಾಲ ಹನುಮಂತ ಸೂರ್ಯನನ್ನು ಸೇಬು ಅಂದುಕೊಂಡು ಹಾರುತ್ತಾನೆ. ಶಬರಿ ಕೊಟ್ಟದ್ದು ಬಾರಿಹಣ್ಣು. ಆಗ ಇಲ್ಲಿ ಸೇಬು ಇತ್ತೇ? (ಪಿಯು ವಿದ್ಯಾರ್ಥಿನಿ)

ಉತ್ತರ: ಒಳ್ಳೆಯ ಪ್ರಶ್ನೆ, ತಂಗಿ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದಲ್ಲಿ, ಹನುಮಂತನಿಗೆ ಅವನ ಶಕ್ತಿಯನ್ನು ನೆನಪಿಸುವಾಗ ಜಾಂಬವಂತ ಈ ಕಥೆ ಹೇಳುತ್ತಾನೆ. ಉದಯಿಸುವ ಸೂರ್ಯನನ್ನು ಕಂಡು ‘ಫಲ’ ಎಂದು ತಿಳಿದು ಹಾರಿದ ಎಂದಷ್ಟೇ ಅಲ್ಲಿದೆ. ಯಾವ ಹಣ್ಣು ಎಂಬ ಮಾತಿಲ್ಲ. ಸೇಬು ಮೂಲತಃ ಮಧ್ಯ ಏಷ್ಯಾದ ಟಿಯಾನ್ ಶಾನ್ ಬೆಟ್ಟಗಳದು, ಈಗಿನ ಕಜಕಿಸ್ತಾನದ ಅಲ್ಮಾಟಿ ಸುತ್ತಿನ ಕಾಡುಸೇಬು ಅದರ ಮೂಲ. ಇನ್ನು ಕ್ಯಾಲೆಂಡರಿನ ಚಿತ್ರಗಳಲ್ಲಿ ಕಾಣುವ ಕಡುಗೆಂಪಿನ, ಕೆಳಗೆ ಐದು ಉಬ್ಬಿರುವ ಸೇಬು ರೆಡ್ ಡೆಲಿಷಿಯಸ್. ಅದು 19ನೇ ಶತಮಾನದ ಕೊನೆಗೆ ಅಮೆರಿಕದ ಅಯೋವಾದಲ್ಲಿ ಹುಟ್ಟಿದ ತಳಿ. ಅಮೆರಿಕದಿಂದ ಬಂದು ಇಲ್ಲೇ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ ಅದನ್ನು ಹಿಮಾಚಲದ ಕೋಟ್‌ಗಢಕ್ಕೆ ತಂದದ್ದು 1916ರ ಸುಮಾರಿಗೆ. ಚಿತ್ರಕಾರರಿಗೆ ಕೆಂಪಗೆ ದುಂಡಗೆ ಇರುವ ಒಂದು ಹಣ್ಣು ಬೇಕಿತ್ತು, ಅಂಗಡಿಯಲ್ಲಿ ಕಂಡದ್ದನ್ನು ಬರೆದರು. ಬೆಳಗಿನ ಸೂರ್ಯನಿಗೆ ಹತ್ತಿರದ ಬಣ್ಣ ನಮ್ಮ ಕಾಡಿನಲ್ಲೇ ಬೇಕಾದರೆ ಮಾಗಿದ ಅತ್ತಿಹಣ್ಣು ಇದೆ.

ಶಬರಿಯ ವಿಷಯದಲ್ಲೂ ಹೀಗೇ. ಪಂಪಾ ತೀರದಲ್ಲಿ ಬೆಳೆದ ಬಗೆಬಗೆಯ ಕಾಡಿನ ಪದಾರ್ಥ ಕೂಡಿಟ್ಟಿದ್ದೇನೆ ಎನ್ನುತ್ತಾಳೆ ವಾಲ್ಮೀಕಿಯ ಶಬರಿ. ಬಾರಿಹಣ್ಣನ್ನು ಕಚ್ಚಿ ನೋಡಿ ಕೊಟ್ಟಳು ಎಂಬುದು ನಂತರದ ಭಕ್ತಿ ಪರಂಪರೆಯಲ್ಲಿ ಬೆಳೆದ ಕಥೆ. ಆದರೆ ಆ ಕಥೆ ಕಟ್ಟಿದವರಿಗೆ ಗಿಡ ಗೊತ್ತಿತ್ತು. ಕಾಡುಬಾರಿಯಲ್ಲಿ ಒಂದೇ ಗಿಡದ ಎರಡು ಹಣ್ಣು ಒಂದೇ ರುಚಿ ಇರುವುದಿಲ್ಲ: ಒಂದು ಸಿಹಿ, ಒಂದು ಹುಳಿ, ಒಂದು ಒಗರು, ಮತ್ತೊಂದರಲ್ಲಿ ಹುಳ. ಕಚ್ಚದೆ ತಿಳಿಯುವ ಉಪಾಯ ಇಲ್ಲ.

ಪ್ರಶ್ನೆ (ಲಿಂಗಸೂಗೂರು): ಶಾಲೆಯ ಕ್ವಿಜ್‌ಗೆ ಬೇಕು. ನ್ಯೂಟನ್ ತಲೆಯ ಮೇಲೆ ಸೇಬು ಬಿದ್ದದ್ದು, ಆದಾಮ್-ಈವ್ ಸೇಬು ತಿಂದದ್ದು, ಎರಡೂ ನಿಜವೇ?

ಉತ್ತರ: ತಲೆಯ ಮೇಲೆ ಬಿದ್ದದ್ದಕ್ಕೆ ಆಧಾರ ಇಲ್ಲ, ಸೇಬು ಬಿದ್ದದ್ದನ್ನು ನೋಡಿದ್ದಕ್ಕೆ ಇದೆ. ವಿಲಿಯಂ ಸ್ಟಕ್ಲಿ ಎಂಬಾತ 1726ರ ಏಪ್ರಿಲ್ 15ರಂದು ನ್ಯೂಟನ್ ಜೊತೆ ಊಟ ಮುಗಿಸಿ ತೋಟದಲ್ಲಿ ಸೇಬಿನ ಮರದ ನೆರಳಿಗೆ ಕೂತಿದ್ದಾಗ ನ್ಯೂಟನ್ನೇ ಈ ಪ್ರಸಂಗ ಹೇಳಿದರೆಂದು ಬರೆದಿಟ್ಟಿದ್ದಾನೆ. ವೂಲ್ಸ್‌ಥಾರ್ಪ್‌ನ ನ್ಯೂಟನ್ ಮನೆಯ ಮರದ ತಳಿ ‘ಫ್ಲವರ್ ಆಫ್ ಕೆಂಟ್’, ಹಾಗೇ ತಿನ್ನುವುದಕ್ಕಿಂತ ಬೇಯಿಸಲು ಬಳಸುವ ಸೇಬು. ಆದಾಮ್-ಈವ್ ಕಥೆಯಲ್ಲಿ ಬೈಬಲಿನ ಆದಿಕಾಂಡ ಹೇಳುವುದು ‘ಮರದ ಹಣ್ಣು’ ಎಂದು ಮಾತ್ರ. ಹೆಸರು ಹಿಡಿದು ಹೇಳಿರುವುದು ಅವರು ಹೊಲಿದುಕೊಂಡ ಅಂಜೂರದ ಎಲೆಯನ್ನು. ಯುರೋಪಿನ ಚಿತ್ರಕಾರರು ಅದನ್ನು ಸೇಬು ಮಾಡಿದರು.

ಪ್ರಶ್ನೆ (ರಾಯಚೂರು): ಮರಸೇಬು ತಂದರೆ ಮೂರು ದಿನ ಕಲ್ಲಿನ ಹಾಗೆ, ನಾಲ್ಕನೇ ದಿನ ಒಳಗೆ ಕೊಳೆತಿರುತ್ತದೆ. ತಿನ್ನುವ ದಿನ ಯಾವುದು?

ಉತ್ತರ: ಮರಸೇಬು ಮರದಲ್ಲಿ ಮಾಗುವ ಹಣ್ಣಲ್ಲ. ಬಲಿತಾಗ ಕಾಯಾಗಿಯೇ ಕೊಯ್ದು ಹೊರಗೆ ಮಾಗಿಸುತ್ತಾರೆ. ಮಾಗುವುದು ಒಳಗಿನಿಂದ ಹೊರಕ್ಕೆ, ಹೊಟ್ಟೆಯ ಭಾಗ ಒತ್ತಿ ಮೆತ್ತಗೆ ಸಿಗುವಷ್ಟರಲ್ಲಿ ನಡುವೆ ಕೊಳೆ ಶುರುವಾಗಿರುತ್ತದೆ. ತೊಟ್ಟಿನ ಪಕ್ಕದ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಸ್ವಲ್ಪ ಒಳಗೆ ಹೋದರೆ ಅವತ್ತೇ ತಿನ್ನುವ ದಿನ. ಇನ್ನೊಂದು, ಉಷ್ಣಾಂಶ 30 ಡಿಗ್ರಿ ದಾಟಿದರೆ ಮರಸೇಬು ಸರಿಯಾಗಿ ಮಾಗುವುದೇ ಇಲ್ಲ. ರಾಯಚೂರಿನ ಅಡುಗೆಮನೆ ಅದಕ್ಕೆ ತಕ್ಕ ಜಾಗವಲ್ಲ. ಫ್ರಿಜ್ಜಿನಲ್ಲಿಟ್ಟು, ಬೇಕಾದಷ್ಟನ್ನು ಮಾತ್ರ ತೆಗೆದು ಒಂದು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಕಟ್ಟಿ, ನೆಲದ ಮೇಲೆ ತಂಪಾದ ಮೂಲೆಯಲ್ಲಿ ಎರಡು ದಿನ ಇಡಿ.

ಯಾವ ಜಾತಿ ಎಂಬುದನ್ನೂ ಕೇಳಿಕೊಳ್ಳಿ. ಪಂಜಾಬಿನ ಪತ್ಥರ್‌ನಾಖ್ ಎಷ್ಟು ದಿನ ಇಟ್ಟರೂ ಬೆಣ್ಣೆಯಾಗದು, ಅದು ಗರಿಗರಿಯಾಗಿಯೇ ತಿನ್ನುವಂಥದ್ದು. ಬಬ್ಬುಗೋಶಾ ಮೆತ್ತಗಾಗುತ್ತದೆ. ನಾಲಿಗೆಗೆ ಮರಳಿನ ಹಾಗೆ ತಾಗುವುದು ಕೊಳಕಲ್ಲ, ಆ ಹಣ್ಣಿನಲ್ಲೇ ಇರುವ ಗಟ್ಟಿ ಕಣಗಳು.

ಪ್ರಶ್ನೆ (ಬಳ್ಳಾರಿ): ಸೇಬಿಗೆ ಮೇಣ ಹಚ್ಚಿರುತ್ತಾರೆ, ಚಾಕುವಿನಿಂದ ಕೆರೆದರೆ ಬಿಳಿ ಪುಡಿ ಬರುತ್ತದೆ. ಸ್ಟಿಕ್ಕರಿನ ಮೇಲಿನ ನಂಬರಿನಿಂದ ಒಳ್ಳೆಯದು ಕೆಟ್ಟದ್ದು ತಿಳಿಯಬಹುದೇ?

ಉತ್ತರ: ಸೇಬಿಗೆ ತನ್ನದೇ ಮೇಣ ಇದೆ, ಕೊಯ್ದು ತೊಳೆದಾಗ ಅದರಲ್ಲಿ ಒಂದಿಷ್ಟು ಹೋಗುತ್ತದೆ. ಹಣ್ಣು ಬಾಡದಿರಲು ಜೇನುಮೇಣ, ಕಾರ್ನೌಬಾ ಎಂಬ ತಾಳೆಯ ಎಲೆಯ ಮೇಣ ಅಥವಾ ಅರಗು ಹಚ್ಚಲು ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಅವಕಾಶ ಇದೆ, ಲೇಬಲ್ ಮೇಲೆ ಬರೆದಿರಬೇಕು. ಇವು ಹೊಟ್ಟೆಗೆ ಹೋದರೂ ಜೀರ್ಣವಾಗದೆ ಹೊರಬೀಳುತ್ತವೆ. ಕುದಿಯುವ ನೀರು ಹಾಕಿದಾಗ ಹಣ್ಣು ಬೆಳ್ಳಗಾಗುವ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿದೆ. ಅದು ಮೇಣ ಕರಗಿ ಮತ್ತೆ ಹೆಪ್ಪುಗಟ್ಟಿದ್ದು, ವಿಷದ ಗುರುತಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದು ಬಟ್ಟೆಯಿಂದ ಒರೆಸಿದರೆ ಸಾಕು.

ಸ್ಟಿಕ್ಕರಿನ ನಾಲ್ಕಂಕಿ ಅಂಗಡಿಯ ಬಿಲ್ಲಿಗೆ ಇರುವ ತಳಿ ಮತ್ತು ಗಾತ್ರದ ಸಂಕೇತ. 9ರಿಂದ ಶುರುವಾಗುವ ಐದಂಕಿ ಇದ್ದರೆ ಸಾವಯವ. ಅದರಿಂದ ದೇಶವೂ ತಿಳಿಯದು, ಹಣ್ಣಿನ ವಯಸ್ಸೂ ತಿಳಿಯದು. ವಯಸ್ಸು ಕೇಳಬೇಕಾದದ್ದು ಮುಖ್ಯ. ಕಾಶ್ಮೀರದ ಕೊಯ್ಲು ಆಗಸ್ಟ್‌ನಿಂದ ನವೆಂಬರ್. ಏಪ್ರಿಲ್‌ನಲ್ಲಿ ಸಿಗುವುದು ಆಮ್ಲಜನಕ ಕಡಿಮೆ ಮಾಡಿದ ಶೀತಲ ಕೋಣೆಯಲ್ಲಿ ತಿಂಗಳುಗಟ್ಟಲೆ ಇದ್ದ ಹಣ್ಣು. ಅದು ಕೆಟ್ಟದ್ದಲ್ಲ, ಆದರೆ ಹೊರಗೆ ಬಂದ ಮೇಲೆ ಬಳ್ಳಾರಿಯ ಶಾಖದಲ್ಲಿ ನಾಲ್ಕೈದು ದಿನಕ್ಕೇ ಹಿಟ್ಟುಹಿಟ್ಟಾಗುತ್ತದೆ. ಬೇಸಿಗೆಯಲ್ಲಿ ಅರ್ಧ ಕೆಜಿಗಿಂತ ಹೆಚ್ಚು ಒಯ್ಯಬೇಡಿ, ಬಿಸಿಲಿಗೆ ಪೇರಿಸಿಟ್ಟ ಗಾಡಿಯದ್ದಂತೂ ಬೇಡವೇ ಬೇಡ. ಮನೆಯಲ್ಲಿ ಸೇಬನ್ನು ಸೊಪ್ಪಿನ ಜೊತೆ ಇಡಬೇಡಿ, ಅದು ಬಿಡುವ ಗಾಳಿಗೆ ಸೊಪ್ಪು ಹಳದಿಯಾಗುತ್ತದೆ.

ಪ್ರಶ್ನೆ (ಯಲಬುರ್ಗಾ): ಸೀತಾಫಲದ ಗಿಡಕ್ಕೆ ಹೂ ಬೇಕಾದಷ್ಟು, ಕಾಯಿ ನಾಲ್ಕೇ. ಅವೂ ಸೊಟ್ಟ.

ಉತ್ತರ: ಸೀತಾಫಲದ ಹೂ ಮೊದಲು ಹೆಣ್ಣು, ಆಮೇಲೆ ಗಂಡು. ಎಸಳು ಅರ್ಧ ಬಿರಿದಾಗ ಪರಾಗ ತಗೊಳ್ಳುವ ಹಂತ, ಪೂರ್ತಿ ಅಗಲವಾದಾಗ ಪರಾಗ ಬಿಡುವ ಹಂತ. ನಡುವೆ ಸಾಗಿಸುವುದು ಸಣ್ಣ ಜೀರುಂಡೆಗಳು. ಒಣಗಾಳಿ ಇದ್ದರೆ ಹೂವಿನ ಅಂಟು ಆರಿಹೋಗುತ್ತದೆ, ಜೀರುಂಡೆಯೂ ಇರುವುದಿಲ್ಲ. ಜೂನ್, ಜುಲೈನಲ್ಲಿ ಮಳೆ ಹಿಡಿದ ಮೇಲೆ, ಸಂಜೆ ಪೂರ್ತಿ ಅರಳಿದ ಹೂಗಳನ್ನು ಕಿತ್ತು ಕಾಗದದ ಮೇಲೆ ಕೊಡವಿ. ಕಂದು-ಹಳದಿ ಪುಡಿ ಬೀಳುತ್ತದೆ. ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಎಂಟರೊಳಗೆ ಅರೆಬಿರಿದ ಹೂವಿನ ಎಸಳು ಮೆಲ್ಲಗೆ ಸರಿಸಿ, ಕುಂಚದಿಂದ ಸುತ್ತಲೂ ಸವರಿ. ಒಂದೇ ಮಗ್ಗುಲಿಗೆ ತಾಗಿದರೆ ಆ ಮಗ್ಗುಲು ಮಾತ್ರ ಬೆಳೆದು ಕಾಯಿ ಸೊಟ್ಟ. ಒಂದು ಗಿಡಕ್ಕೆ ಐವತ್ತು ಹೂ ಸಾಕು.

ಪ್ರಶ್ನೆ (ದೇವದುರ್ಗ): ಬೇಲದ ಹಣ್ಣು ಹಣ್ಣಾಗಿದೆಯೋ ಇಲ್ಲವೋ ಒಡೆಯದೆ ತಿಳಿಯುವುದು ಹೇಗೆ? ಪಾನಕದ ಅಳತೆಯನ್ನೂ ಹೇಳಿ.

ಉತ್ತರ: ಒಂದಡಿ ಎತ್ತರದಿಂದ ನೆಲಕ್ಕೆ ಬಿಡಿ. ಪುಟಿದರೆ ಕಾಯಿ, ‘ದಪ್’ ಎಂದು ಅಲ್ಲೇ ಕೂತರೆ ಹಣ್ಣು. ತೊಟ್ಟಿನ ಕಡೆ ಮೂಸಿದರೂ ಗೊತ್ತಾಗುತ್ತದೆ. ಬಿಲ್ವದ ಕಾಯಿ ಬೇರೆ, ಅದರ ಎಲೆ ಮೂರು. ಬೇಲದ ಕಡ್ಡಿಯಲ್ಲಿ ಐದರಿಂದ ಏಳು ಪುಟ್ಟ ಎಲೆ.

ಮಧ್ಯಮ ಗಾತ್ರದ ಒಂದು ಹಣ್ಣಿನ ತಿರುಳಿಗೆ ನೂರು ಗ್ರಾಂ ಬೆಲ್ಲ, ನಾಲ್ಕು ಲೋಟ ನೀರು. ತಿರುಳನ್ನು ಅರ್ಧ ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕೈಯಿಂದ ಕಿವುಚಿ, ಜರಡಿಯಲ್ಲಿ ಸೋಸಿ. ಮಿಕ್ಸಿಗೆ ಹಾಕಬೇಡಿ, ಬೀಜ ನುರಿದು ಒಗರಾಗುತ್ತದೆ. ಆಮೇಲೆ ಬೆಲ್ಲ, ಉಳಿದ ನೀರು, ಎರಡು ಏಲಕ್ಕಿ, ಚಿಟಿಕೆ ಒಣಶುಂಠಿ ಪುಡಿ, ಚಿಟಿಕೆ ಉಪ್ಪು. ಹಣ್ಣು ಹೆಚ್ಚು ಹುಳಿ ಇದ್ದರೆ ಬೆಲ್ಲ ಇನ್ನೊಂದು ಹಿಡಿ. ಎರಡು ಗಂಟೆಯೊಳಗೆ ಕುಡಿದು ಮುಗಿಸಿ, ಬಿಸಿಲಿಗೆ ಬೇಗ ಹುದುಗು ಬರುತ್ತದೆ.